ಜೂರಾಕಾನಳ ಚಿನ್ನದಂಚಿನ ಬಟ್ಟಲುಗಳು

ಜೂರಾಕಾನ್ ತೋರಿಕೆಯ ಹೆಂಗಸು. ನೋಡುವವರಿಲ್ಲದಿದ್ದರೆ ಬಿದ್ದ ಮಗುವನ್ನೂ ಎತ್ತುವವಳಲ್ಲ. ನೋಡುವವರಿದ್ದರೆ ಬೀಳದ ಮಗುವನ್ನೂ ಎತ್ತಿಕೊಂಡು, ಅದು ಅಳುವ ತನಕ ಕೆಳಗಿಳಿಸುವವಳಲ್ಲ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಕೊಚ್ಕೋರಿನ ಪೇಟೆಯಲ್ಲಿ, ಒಣದ್ರಾಕ್ಷಿ ಅಂಗಡಿಯ ಮುಂದೆ, ಅವಳ ಮುಖಕ್ಕೇ ಹೇಳಿದ್ದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಸುತ್ತ ನಿಂತವರ ಕಡೆ ತಿರುಗಿ, "ಕೇಳಿದ್ರಾ? ಪ್ರೊಫೆಸರಮ್ಮನೇ ನನ್ನ ವಿಷಯ ಮಾತಾಡ್ತಿದಾರೆ!" ಎಂದು ಬೀಗಿದಳು.

ಮೂವತ್ತು ವರ್ಷ ಅವಳು ನಮ್ಮ ಕಣಿವೆಯ ಮದುವೆಗಳಲ್ಲಿ ತಮಾದಾ ಆಗಿದ್ದಳು. ಯಾರು ಎಲ್ಲಿ ಕೂರಬೇಕು, ಯಾರ ಹಾರೈಕೆ ಮೊದಲು, ಯಾರದು ಆಮೇಲೆ, ಯಾವ ಭಾವನನ್ನು ಎಬ್ಬಿಸಿ ಕುಣಿಸಬೇಕು, ಯಾವ ಚಿಕ್ಕಪ್ಪನ ಕೈಗೆ ಮೈಕು ಸಿಗದಂತೆ ನೋಡಿಕೊಳ್ಳಬೇಕು, ಎಲ್ಲವೂ ಅವಳ ಉಸ್ತುವಾರಿ. ದನಿ ಎಂಥದೆಂದರೆ ಮೈಕು ಕೆಟ್ಟ ಮದುವೆಗಳಲ್ಲಿ ಯಾರಿಗೂ ಅದು ಕೆಟ್ಟಿದೆಯೆಂದೇ ತಿಳಿಯುತ್ತಿರಲಿಲ್ಲ. ಆಮೇಲೆ ಕಾಲ ಬದಲಾಯಿತು. ಬಿಷ್ಕೆಕ್‌ನಿಂದ ಬಣ್ಣದ ದೀಪಗಳ ಜೊತೆ ಬಿಗಿ ಪ್ಯಾಂಟಿನ ಹುಡುಗರು ಬರತೊಡಗಿದರು. ಜೂರಾಕಾನಳನ್ನು ಕರೆಯುವವರು ಕಡಿಮೆಯಾಗಿ, ಕೊನೆಗೆ ಇಲ್ಲವಾದರು. ಒಂದು ಚಳಿಗಾಲ ಪೂರ್ತಿ ಅವಳು ಮನೆಯಲ್ಲೇ ಕೂತು ಗಂಡನೊಡನೆ ಮಾತಾಡಿದಳು. ಆ ಗಂಡ ಮೀನು ಮುಟ್ಟದವನು. ಆದರೂ ಆ ಚಳಿಗಾಲ ದಿನವೂ ಹೋಗಿ, ಹೆಪ್ಪುಗಟ್ಟಿದ ಜಲಾಶಯದ ಮೇಲೆ ಗಾಳ ಹಿಡಿದು ಕೂರುತ್ತಿದ್ದ.

ನಮ್ಮ ಶಾಲೆಯ ಹೆಡ್‌ಮಾಸ್ಟರ್ ಅವಳ ಚಿಕ್ಕಪ್ಪನ ಮಗ. ಭಾವನ ಮೇಲಿನ ಕನಿಕರದಿಂದ ಅವಳಿಗೊಂದು ಕೆಲಸ ಕೊಟ್ಟ. ಇಡೀ ಶಾಲೆಯಲ್ಲಿ ಖಾಲಿಯಿದ್ದದ್ದು ಒಂದೇ ಜಾಗ, ಆಟಿಸಂ ಇರುವ ಮಕ್ಕಳ ತರಗತಿಯಲ್ಲಿ ಸಹಾಯಕಿಯದು. ಅಂದರೆ, ಕಣಿವೆಯ ಅತಿ ದೊಡ್ಡ ಬಾಯಿಯನ್ನು ತಂದು, ಬಾಯಿ ತೆರೆಯಬಾರದ ಒಂದೇ ಒಂದು ಕೋಣೆಯಲ್ಲಿ ಕೂರಿಸಿದ.

ನಾನು ಜೀವಮಾನವೆಲ್ಲ ಮೇಷ್ಟ್ರುಗಳಿಗೆ ಪಾಠ ಹೇಳುವುದನ್ನು ಕಲಿಸಿದವಳು. ನಿವೃತ್ತಳಾಗಿ ಊರಿಗೆ ಬಂದ ಮೇಲೆ ಬುಧವಾರಗಳಂದು ಆ ತರಗತಿಗೆ ಹೋಗಿ ಮೂಲೆಯಲ್ಲಿ ಕೂರುತ್ತಿದ್ದೆ. ಹಿಂದೆ ಹಿಮದ ಮೇಲೆ ಜಾರುವ ಹಲಗೆಗಳನ್ನು ಇಡುತ್ತಿದ್ದ ಕೋಣೆ ಅದು. ಅದನ್ನು ತರಗತಿ ಮಾಡಿದವಳು ನುರ್ಜಾತ್, ತೆಳ್ಳನೆಯ, ನಗದ ಹುಡುಗಿ. ಕಪಾಟುಗಳನ್ನು ಅಡ್ಡವಿಟ್ಟು ಒಂದೊಂದು ಮಗುವಿಗೂ ಒಂದೊಂದು ಗೂಡು ಮಾಡಿದ್ದಳು. ಮೇಜಿನ ಎಡಕ್ಕೆ ಮಾಡಬೇಕಾದ ಕೆಲಸದ ಬುಟ್ಟಿ, ಬಲಕ್ಕೆ "ಮುಗಿಯಿತು" ಎಂಬ ಡಬ್ಬಿ. ಗೋಡೆಯ ಮೇಲೆ ಪ್ರತಿ ಮಗುವಿಗೂ ಮೇಲಿನಿಂದ ಕೆಳಕ್ಕೆ ಚಿತ್ರಗಳ ಸಾಲು: ಮೊದಲು ಇದು, ಆಮೇಲೆ ಅದು, ಆಮೇಲೆ ಉಯ್ಯಾಲೆ. ಚಿತ್ರ ತೆಗೆದುಕೊ, ಕೆಲಸ ಮಾಡು, ಚಿತ್ರವನ್ನು ಡಬ್ಬಿಗೆ ಹಾಕು. ನಮ್ಮ ಮಾತು ಈ ಮಕ್ಕಳ ಕಿವಿಗೆ ಸಂತೆಯ ಗದ್ದಲವಾಗಿ ಬೀಳುತ್ತದೆ; ಕಣ್ಣಿಗೆ ಕಂಡದ್ದು ಮಾತ್ರ ನಿಲ್ಲುತ್ತದೆ. ಇದರಲ್ಲಿ ಪವಾಡವೇನಿಲ್ಲ, ಅಚ್ಚುಕಟ್ಟು ಅಷ್ಟೇ.

ಮೊದಲ ದಿನ ಜೂರಾಕಾನ್ ಮದುವೆಗೆ ತೊಡುವ ಮಖಮಲ್ಲಿನ ಕೋಟು ತೊಟ್ಟು ಬಂದಳು. ನುರ್ಜಾತ್ ಬಾಗಿಲಲ್ಲೇ ನಿಲ್ಲಿಸಿ, ಹಿರಿಯಕ್ಕನನ್ನು ಕರೆಯುವಂತೆ ಕರೆದು ಮೆಲ್ಲಗೆ ಹೇಳಿದಳು:

"ಏಜೆ, ಇಲ್ಲಿ ಮಾತು ಕಡಿಮೆ. ಚಿತ್ರ ತೋರ್ಸಿ, ಬೇಕಿದ್ರೆ ಒಂದು ಪದ ಹೇಳಿ, ಆಮೇಲೆ ಸುಮ್ನೆ ಕಾಯ್ಬೇಕು."

"ಕಾಯೋದು ನನಗೆ ಕಲಿಸ್ತೀಯಾ ಮಗಳೇ? ಗಂಡಿನ ಕಡೆಯೋರಿಗೆ ಅರ್ಧರ್ಧ ದಿನ ಕಾದವಳು ನಾನು."

ಆ ಹೊತ್ತಿಗೆ ಸಾಯ್ಕಾಲ್ ಎಂಬ ಹುಡುಗಿ ತನ್ನ ಮೇಜಿಗೆ ಹೋಗಬೇಕಿತ್ತು. ಎರಡು ಜಡೆಯ, ಒಂಬತ್ತು ವರ್ಷದ, ಮಾತಾಡದ ಮಗು. ನುರ್ಜಾತ್ ಮೇಜಿನ ಚಿತ್ರವನ್ನು ಅವಳ ಕೈಗೆ ಕೊಟ್ಟಳು. ಅಷ್ಟೇ ಸಾಕಿತ್ತು. ಜೂರಾಕಾನಳಿಗೆ ಅಷ್ಟು ಸಾಲಲಿಲ್ಲ. ಕೋಣೆಯ ನಡುವೆ ಬಂದು ನಿಂತು ಎದೆ ತುಂಬ ಉಸಿರೆಳೆದುಕೊಂಡಳು.

"ಮಾನ್ಯರೇ! ಇದೀಗ ತನ್ನ ಮೇಜಿನತ್ತ ಹೆಜ್ಜೆ ಹಾಕುತ್ತಿರುವವಳು, ಎಸ್ತೆಬೆಸ್ ಹಿರಿಯರ ವಂಶದ ಕುಡಿ, ಉಪೆಲ್ ತಾಯಿಯ ಕಣ್ಮಣಿ, ನಮ್ಮ ನಿಮ್ಮೆಲ್ಲರ ಸಾಯ್ಕಾಲ್! ಎಲ್ಲಿ, ಜೋರಾಗಿ ಒಂದು ಚಪ್ಪಾಳೆ!"

ಚಪ್ಪಾಳೆ ಹೊಡೆದವಳು ಅವಳೊಬ್ಬಳೇ. ಒಂದು ಮಗು ಮೇಜಿನಡಿ ಸೇರಿತು. ಇನ್ನೊಂದು ಕಪಾಟು ಹತ್ತಿತು. ಸಾಯ್ಕಾಲ್ ಮಾತ್ರ ಗಾಬರಿಯಾಗಲಿಲ್ಲ. ಹಿಂದೆ ತಿರುಗಿ ಬಂದು, ಎರಡೂ ಕೈಗಳಿಂದ ಜೂರಾಕಾನಳ ಹೊಟ್ಟೆಗೆ ಒತ್ತು ಕೊಟ್ಟು, ತಳ್ಳುತ್ತ ತಳ್ಳುತ್ತ ಬಾಗಿಲಾಚೆ ಹಾಕಿ, ಬಾಗಿಲು ಮುಚ್ಚಿ, ತನ್ನ ಮೇಜಿಗೆ ಹೋಗಿ ಕೂತಳು. ಮೂವತ್ತು ವರ್ಷದಲ್ಲಿ ಯಾವ ಬೀಗರಿಗೂ ಆಗದ ಕೆಲಸ ಅದು.

ಆ ಹುಡುಗಿಯ ಸ್ವಭಾವವೇ ಹಾಗೆ. ಇನ್ನೊಮ್ಮೆ ಹೆಡ್‌ಮಾಸ್ಟರ್ ತರಗತಿಯೊಳಗೆ ಬಂದು ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತ ನಿಂತಿದ್ದಾಗ, ಅವನ ಕೈಯಿಂದ ಫೋನು ಕಿತ್ತು "ಮುಗಿಯಿತು" ಡಬ್ಬಿಗೆ ಹಾಕಿದ್ದಳು.

ಮುಂದಿನ ಬುಧವಾರ ನುರ್ಜಾತ್ ಗೋಡೆಯ ಮೇಲೆ ಹೊಸದೊಂದು ಚಿತ್ರದ ಸಾಲು ಅಂಟಿಸಿದಳು. ಜೂರಾಕಾನ್ ಅದರ ಮುಂದೆ ನಿಂತು ನೋಡಿದಳು. ಬುಟ್ಟಿ ತುಂಬಿಸುವ ಚಿತ್ರ, ಕೈ ತೊಳೆಸುವ ಚಿತ್ರ, ಮುಚ್ಚಿದ ಬಾಯಿಯ ಚಿತ್ರ, ಆಮೇಲೆ ತೆರೆದ ಬಾಯಿ, ಅದರ ಹಿಂದೆ ಶಾಲೆಯ ಕಾರಿಡಾರು.

"ಇದು ಯಾವ ಮಗೂದು?"

"ನಿಮ್ಮದು, ಏಜೆ."

"ನಾನೇನು ಮಗುವಾ?"

"ಮಕ್ಕಳಿಗಾಗಿದ್ರೆ ಇಷ್ಟು ಹೇಳ್ಬೇಕಾಗಿರಲಿಲ್ಲ."

ನಾನು ಮೂಲೆಯಲ್ಲಿ ಕೆಮ್ಮಿದೆ. ಜೂರಾಕಾನ್ ನನ್ನ ಕಡೆ ದುರುಗುಟ್ಟಿದಳು. ಆದರೆ ಅವಳು ಸಮಾರಂಭಗಳಲ್ಲಿ ಬೆಳೆದವಳು. ಸಾಲಿನಲ್ಲಿ ತನ್ನ ಹೆಸರಿದೆ ಎಂದರೆ ಅದನ್ನು ಬಿಟ್ಟುಕೊಡುವವಳಲ್ಲ. ತೆರೆದ ಬಾಯಿಯ ಸರದಿ ಬಂದಾಗ ಚಿತ್ರ ಕಿತ್ತುಕೊಂಡು ಕಾರಿಡಾರಿಗೆ ಧಾವಿಸುತ್ತಿದ್ದಳು. ಅಲ್ಲಿ, ಅಡುಗೆಕೋಣೆಯ ಬಾಗಿಲಲ್ಲಿ, ಅಡುಗೆಯ ಬುಬುಶ್ ಆಲೂಗೆಡ್ಡೆ ಸುಲಿಯುತ್ತ ಕೂತಿರುತ್ತಿದ್ದಳು. ಜೂರಾಕಾನ್ ಒಳಗೆ ತಡೆದಿಟ್ಟದ್ದನ್ನೆಲ್ಲ ಅವಳ ಮೇಲೆ ಸುರಿದು, ಮುಖ ಒರೆಸಿಕೊಂಡು ವಾಪಸು ಬಂದು, ಚಿತ್ರವನ್ನು ಡಬ್ಬಿಗೆ ಹಾಕುತ್ತಿದ್ದಳು. ಆ ವರ್ಷ ನಮ್ಮ ಶಾಲೆಯ ಮಕ್ಕಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಆಲೂಗೆಡ್ಡೆ ಸಿಕ್ಕಿತು.

ಜಂಭ ಮಾತ್ರ ಕಡಿಮೆಯಾಗಲಿಲ್ಲ. ಒಂದು ಮಗು ತನ್ನ ಗುಂಡಿ ತಾನೇ ಹಾಕಿಕೊಂಡರೆ ಸಂಜೆಯೊಳಗೆ ಪೇಟೆಯೆಲ್ಲ ಸುದ್ದಿ: "ನಾನು ಕಲಿಸಿದೆ." ಆ ಗುಂಡಿಯ ಪಾಠದುದ್ದಕ್ಕೂ ಅವಳು ಮುಚ್ಚಿದ ಬಾಯಿಯ ಚಿತ್ರ ಹಿಡಿದು ಪಕ್ಕದಲ್ಲಿ ಕೂತಿದ್ದಳು, ಅಷ್ಟೇ.

ವಸಂತದ ಹಬ್ಬಕ್ಕೆ ಸಾಯ್ಕಾಲಳ ಮನೆಯಲ್ಲಿ ಅನಾಹುತವಾಯಿತು. ಅವಳ ತಾತ ಎಸ್ತೆಬೆಸ್, ಹಿಂದೆ ಸರಕಾರಿ ಕುದುರೆ ಫಾರಂ ನಡೆಸಿದವರು. ಕುದುರೆಗಳು ಹೋದ ಮೇಲೂ ಆ ದನಿ ಉಳಿಸಿಕೊಂಡವರು. ಅಂದು ಹಿರಿಯರೆಲ್ಲ ಬಂದು ನೆಲದ ಮೇಲೆ ಊಟಕ್ಕೆ ಹಾಸಿದ ದಸ್ತರ್‌ಖಾನಿನ ಸುತ್ತ ಕೂತಿದ್ದರು. ಸಾಯ್ಕಾಲಳಿಗೆ ಆಚೆ ಬದಿಯಲ್ಲಿ ಚಹಾಕ್ಕೆ ನೀರು ಕಾಯಿಸುವ ಹೊಳೆಯುವ ಸಮೊವಾರು ಬೇಕಿತ್ತು. ಅವಳು ನೇರ ನಡೆದಳು. ಜಾಮು, ಕೆನೆ, ಕರಿದ ಬೂರ್ಸೋಕು, ರೊಟ್ಟಿ, ಎಲ್ಲ ದಾಟಿಕೊಂಡು. ರೊಟ್ಟಿಯ ಮೇಲೆ ಕಾಲು! ಹಿರಿಯರು ಒಬ್ಬೊಬ್ಬರಾಗಿ ಬಟ್ಟಲು ಕೆಳಗಿಟ್ಟರು.

ಎರಡು ದಿನ ಬಿಟ್ಟು ಅವಳ ತಾಯಿ ಉಪೆಲ್ ತರಗತಿಗೆ ಬಂದು, ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ.

"ದೊಡ್ಡವರು ತೀರ್ಮಾನ ಮಾಡಿದಾರೆ. ಬೆಟ್ಟದಾಚೆ ಒಂದು ವಸತಿ ನಿಲಯ ಇದೆಯಂತೆ. ಡಾಕ್ಟ್ರು ಇದಾರೆ, ಸುತ್ತ ಬೇಲಿ ಇದೆ, ಅಲ್ಲಿ ಬಿಡೋಣ ಅಂತಾರೆ."

"ನಿನ್ನ ಗಂಡ ಏನಂತಾನೆ?" ಎಂದು ನಾನು ಕೇಳಿದೆ.

"ಅವರೇನಂತಾರೆ ಅಪಾ. ಊಟ ಮಾಡಿ ಲಾರಿ ಹತ್ತಿದ್ರು."

ಅವನನ್ನು ನಾನು ಬಲ್ಲೆ. ದೊಲೋನ್ ಘಟ್ಟದ ಮಂಜಿನಲ್ಲಿ ಲಾರಿಯನ್ನು ಹಿಂದಕ್ಕೆ ತಿರುಗಿಸಬಲ್ಲವನು. ಅಪ್ಪನ ಒಂದು ಮಾತನ್ನು ತಿರುಗಿಸಲಾರ.

ನುರ್ಜಾತ್ ಮುದುಕರ ಮನೆಗೆ ಹೋದಳು. ಜೊತೆಗೆ ನಾನೂ ಹೋದೆ. ಎಸ್ತೆಬೆಸ್ ಎಲ್ಲವನ್ನೂ ಕೇಳಿಸಿಕೊಂಡರು, ಬಿಳಿ ಕಲ್ಪಾಕ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಗೋಡೆಗೆ ಚಿತ್ರ ಅಂಟಿಸಿದ್ರೆ ಬುದ್ಧಿ ಬರುತ್ತಾ ಮಗಳೇ? ನಾನೂ ಲಾಯದಲ್ಲಿ ನಾಯಕರ ಚಿತ್ರ ಅಂಟಿಸಿದ್ದೆ. ಒಂದು ಕುದುರೇನೂ ಸುಧಾರಿಸಲಿಲ್ಲ."

"ಒಂದ್ಸಲ ಬಂದು ನೋಡಿ, ಆತಾ."

"ಬರ್ತೀನಿ. ಹೆಣ್ಣುಮಕ್ಕಳ ಹಾಗೆ ನನ್ನ ಮೊಮ್ಮಗಳು ಕೂತು ನನಗೆ ಚಹಾ ಹಾಕಿಕೊಡ್ಲಿ. ಕೊಟ್ಲಾ, ಇಲ್ಲೇ ಇರ್ತಾಳೆ. ಇಲ್ವಾ, ರಜೆ ಶುರುವಾಗ್ತಿದ್ದ ಹಾಗೆ ಕಳಿಸ್ತೀನಿ. ಆಮೇಲೆ ಯಾರೂ ನನ್ನ ಮುಂದೆ ಅಳೋ ಹಾಗಿಲ್ಲ."

ಹೀಗೆ ಚಹಾದ ಪಾಠ ಶುರುವಾಯಿತು. ನಮ್ಮಲ್ಲಿ ಚಹಾ ಸುರಿಯುವುದು ಬರೀ ಸುರಿಯುವುದಲ್ಲ. ಅರ್ಧ ಬಟ್ಟಲು ಕೊಟ್ಟರೆ "ಕೂತಿರಿ, ಮತ್ತೆ ಹಾಕುತ್ತೇನೆ" ಎಂದರ್ಥ. ತುಂಬಿದ ಬಟ್ಟಲು ಕೊಟ್ಟರೆ "ಕುಡಿದು ಹೊರಡಿ" ಎಂದರ್ಥ. ಅತ್ತೆಯರು ತುಂಬಿದ ಬಟ್ಟಲಿನ ನೆಪದಲ್ಲಿ ಹತ್ತು ವರ್ಷ ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಆದರೆ ಅರ್ಧ ಎಂಬುದನ್ನು ಸಾಯ್ಕಾಲಳಿಗೆ ತೋರಿಸುವುದು ಹೇಗೆ? ನುರ್ಜಾತ್ ಪೇಟೆಯಿಂದ ಬಿಳಿ ಬಟ್ಟಲು ತಂದು, ಒಳಗಡೆ ಅರ್ಧಕ್ಕೆ ಸರಿಯಾಗಿ ಪಿಂಗಾಣಿ ಬಣ್ಣದಲ್ಲಿ ನೀಲಿ ಗೆರೆ ಎಳೆದು, ಬುಬುಶಳ ಒಲೆಯಲ್ಲಿ ಸುಟ್ಟು ಗಟ್ಟಿ ಮಾಡಿದಳು. ಚಿತ್ರಗಳ ಸಾಲು ಗೋಡೆಗೇರಿತು: ಬಟ್ಟಲು ತೆಗೆದುಕೊ, ಗೆರೆಯ ತನಕ ಸುರಿ, ಎದೆಯ ಮೇಲೆ ಕೈಯಿಟ್ಟು ಕೊಡು. ಖಾಲಿ ಬಟ್ಟಲು ಬಂದರೆ ಮತ್ತೆ ಸುರಿ. ಅತಿಥಿ ಬಟ್ಟಲ ಮೇಲೆ ಅಂಗೈ ಮುಚ್ಚಿದರೆ, ಮುಗಿಯಿತು; ಬಟ್ಟಲು ಬೋಗುಣಿಗೆ, ಚಿತ್ರ ಡಬ್ಬಿಗೆ, ನೀನು ಉಯ್ಯಾಲೆಗೆ.

ಸಾಯ್ಕಾಲ್ ಕಲಿತಳು. ಗೆರೆ ಮುಟ್ಟಿದ ತಕ್ಷಣ ಕೆಟಲು ನಿಲ್ಲುತ್ತಿತ್ತು. ಅಭ್ಯಾಸಕ್ಕೆ ಅತಿಥಿಗಳು ಬೇಕಲ್ಲ. ನಾನು, ಹೆಡ್‌ಮಾಸ್ಟರ್, ಡ್ರಿಲ್ ಮೇಷ್ಟ್ರು, ಎಲ್ಲರೂ ಸರದಿಯಲ್ಲಿ ಕೂತು ಉಗುರುಬೆಚ್ಚಗಿನ ಹಾಲುಚಹಾ ಕುಡಿದೆವು. ಜೂರಾಕಾನಳಿಗೂ ಅತಿಥಿಯ ಪಾತ್ರ ಸಿಕ್ಕಿತು, ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ.

"ಮಾತಾಡದ ಅತಿಥೀನ ಯಾರು ಮನೆಗೆ ಕರೀತಾರೆ?" ಎಂದು ಕಾರಿಡಾರಿನಲ್ಲಿ ಬುಬುಶಳ ಮುಂದೆ ಗೋಳಾಡಿದಳು. "ಶವ ಕೂರ್ಸಿದ ಹಾಗಿರುತ್ತೆ!"

ಎಸ್ತೆಬೆಸ್ ಬರುವ ದಿನ ಬಂತು. ನುರ್ಜಾತ್ ಎಲ್ಲ ಸಿದ್ಧಮಾಡಿ, ಮುದುಕರನ್ನು ಎದುರುಗೊಳ್ಳಲು ಗೇಟಿನ ತನಕ ಹೋದಳು. ಅಷ್ಟರಲ್ಲಿ ಜೂರಾಕಾನ್ ಶಾಲಿನಲ್ಲಿ ಸುತ್ತಿದ ಗಂಟೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು.

ಅವು ಅವಳ ಚಿನ್ನದಂಚಿನ ಬಟ್ಟಲುಗಳು. ಜಿಲ್ಲೆಯ ದೊಡ್ಡ ಮನುಷ್ಯರೊಬ್ಬರ ಮಗಳ ಮದುವೆ ನಡೆಸಿಕೊಟ್ಟದ್ದಕ್ಕೆ, ಐನೂರು ಜನರ ಮುಂದೆ ಕೈಗಿತ್ತ ಉಡುಗೊರೆ. ಅವಳ ಗಾಜಿನ ಬೀರುವಿನಲ್ಲಿ ಕೂತು ಇಪ್ಪತ್ತು ವರ್ಷವಾಗಿತ್ತು. ಅವಳ ಗಂಡನೂ ಅವುಗಳಲ್ಲಿ ಕುಡಿದವನಲ್ಲ. ಮನೆಗೆ ಬಂದವರೆಲ್ಲ ಮೊದಲು ಬೀರುವಿನ ಮುಂದೆ ನಿಂತು ಆ ಮದುವೆಯ ಕಥೆ ಕೇಳಬೇಕು, ಆಮೇಲೆಯೇ ಚಹಾ, ಅದೂ ಬೇರೆ ಬಟ್ಟಲಿನಲ್ಲಿ.

"ಇದೇನು ಮಾಡ್ತಿದ್ದೀ?" ಎಂದೆ.

"ಎಸ್ತೆಬೆಸ್ ಆತಾ ಅಂಥವರು ಬಂದು ಈ ಆಸ್ಪತ್ರೆ ಬಟ್ಟಲಲ್ಲಿ ಕುಡೀಬೇಕಾ ಏಜೆ? ನನ್ನ ಮರ್ಯಾದೆ ಏನಾಗ್ಬೇಕು?"

"ಇದರಲ್ಲಿ ನಿನ್ನ ಮರ್ಯಾದೆ ಎಲ್ಲಿಂದ ಬಂತು?"

ಉತ್ತರ ಹೇಳಲು ಸಮಯವಿರಲಿಲ್ಲ. ನೀಲಿ ಗೆರೆಯ ಬಟ್ಟಲುಗಳನ್ನು ಅವಳು ಆಗಲೇ ಕಪಾಟಿನ ಹಿಂದೆ ತಳ್ಳಿಯಾಗಿತ್ತು, ಎಸ್ತೆಬೆಸ್ ಬಾಗಿಲಲ್ಲಿದ್ದರು. ಅವರ ಹಿಂದೆ ಬಣ್ಣಗೆಟ್ಟ ಮುಖದ ಉಪೆಲ್. ನುರ್ಜಾತ್ ಮೇಜಿನ ಕಡೆ ನೋಡಿದಳು. ಅವಳ ಮುಖ ಉಪೆಲಳ ಮುಖಕ್ಕಿಂತ ಬಿಳಿಯಾಯಿತು. ಆದರೆ ಸಾಯ್ಕಾಲ್ ಮೊದಲ ಚಿತ್ರವನ್ನು ಆಗಲೇ ಕೈಗೆ ತೆಗೆದುಕೊಂಡಿದ್ದಳು. ಶುರುವಾದ ಕೆಲಸವನ್ನು ನಡುವೆ ಕಿತ್ತುಕೊಂಡರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಆಮೇಲೆ ಚಹಾ ಇಲ್ಲ, ತಾತ ಇಲ್ಲ, ಊರಿಗೆಲ್ಲ ಕೇಳುವ ಕಿರಿಚಾಟ ಮಾತ್ರ.

ಸಾಯ್ಕಾಲಳಿಗೆ ಹೊಳೆಯುವ ವಸ್ತುವೆಂದರೆ ಪ್ರಾಣ. ಬಟ್ಟಲು ಎತ್ತಿಕೊಂಡು ಹೆಬ್ಬೆರಳಿನಿಂದ ಚಿನ್ನದ ಗೆರೆಯ ಸುತ್ತ ಒಮ್ಮೆ ಸವರಿದಳು. ಗೆರೆ ಇದೆ. ಎಲ್ಲಿದೆ? ಕಂಠದಲ್ಲಿ, ಬಾಯಂಚಿಗೆ ತಾಗಿದಂತೆ. ಅವಳು ಕೆಟಲು ಬಾಗಿಸಿದಳು. ಅರ್ಧ ಬಂತು, ನಿಲ್ಲಲಿಲ್ಲ. ಮುಕ್ಕಾಲು ಬಂತು, ನಿಲ್ಲಲಿಲ್ಲ. ಚಹಾ ಚಿನ್ನವನ್ನು ಮುಟ್ಟಿದ ಮೇಲೆ, ನಾವು ಕಲಿಸಿದಂತೆಯೇ, ನಿಲ್ಲಿಸಿದಳು. ತುಳುಕುವಂತಿದ್ದ ಬಟ್ಟಲನ್ನು ಒಂದು ಹನಿ ಚೆಲ್ಲದೆ ಒಯ್ದು, ಎದೆಯ ಮೇಲೆ ಕೈಯಿಟ್ಟು, ತಾತನ ಮುಂದೆ ಹಿಡಿದಳು.

ಎಸ್ತೆಬೆಸ್ ಬಟ್ಟಲನ್ನು ನೋಡಿದರು. ಮೊಮ್ಮಗಳನ್ನು ನೋಡಿದರು. ಬಾಗಿಲಿನಿಂದ ಒಳಗೆ ಬಂದು ಕೂತ ಜಾಗ ಇನ್ನೂ ಬೆಚ್ಚಗಾಗಿರಲಿಲ್ಲ.

ಉಪೆಲ್ ಕಣ್ಣು ಮುಚ್ಚಿಕೊಂಡಳು. ಜೂರಾಕಾನಳಿಗೆ ಆಗ ಅರ್ಥವಾಯಿತು. ಅವಳು ಎದೆ ತುಂಬ ಉಸಿರೆಳೆದುಕೊಂಡಳು. ಮೂವತ್ತು ವರ್ಷದಲ್ಲಿ ಅವಳು ಮಾತಿನಿಂದ ಮುಚ್ಚದ ಅವಮಾನವಿರಲಿಲ್ಲ. ಒಂದು ಹಾರೈಕೆ, ಒಂದು ನಗೆಹನಿ, ಒಂದು ಚಪ್ಪಾಳೆ, ಎಲ್ಲ ಸರಿಹೋಗುತ್ತಿತ್ತು. ನುರ್ಜಾತ್ ಮುಚ್ಚಿದ ಬಾಯಿಯ ಚಿತ್ರವನ್ನು ಎತ್ತಿ ಹಿಡಿದಳು. ಜೂರಾಕಾನ್ ಎರಡೂ ಅಂಗೈ ಬಾಯಿಗೊತ್ತಿಕೊಂಡು ಗೋಡೆಗೆ ಆನಿಕೊಂಡಳು. ಕೆನ್ನೆ ಕೆಂಪಗೆ ಉಬ್ಬಿತು.

ಮುದುಕರು ಬಟ್ಟಲು ತೆಗೆದುಕೊಂಡು ಕುಡಿದರು. ಪೂರ್ತಿ. ಆಮೇಲೆ, ಎದ್ದು ಹೋಗುವ ಬದಲು, ಖಾಲಿ ಬಟ್ಟಲನ್ನು ಮೊಮ್ಮಗಳ ಮುಂದೆ ನೂಕಿದರು. ಅವಳು ಮತ್ತೆ ಚಿನ್ನ ಮುಟ್ಟುವಂತೆ ಸುರಿದಳು. ಅವರ ಹುಬ್ಬು ಮೇಲೇರಿತು. ಅದನ್ನೂ ಕುಡಿದರು. ಮತ್ತೆ ನೂಕಿದರು. ಮತ್ತೆ ತುಂಬಿ ಬಂತು. ಕಾಡುಕುದುರೆಯ ಮುಂದೆ ಕೂತವರಂತೆ ಅವರು ಅವಳನ್ನೇ ದಿಟ್ಟಿಸುತ್ತಿದ್ದರು. ಅವಳು ಅವರ ಮುಖವನ್ನು ನೋಡಲೇ ಇಲ್ಲ, ಅವಳ ಕಣ್ಣೆಲ್ಲ ಗೆರೆಯ ಮೇಲೆ. ಮುದುಕರ ಹಣೆಯಲ್ಲಿ ಬೆವರೊಡೆಯಿತು. ಕೋಟಿನ ಗುಂಡಿ ಬಿಚ್ಚಿದರು. ಮುಂದಿನ ಬಟ್ಟಲಿಗೆ ಸೊಂಟಪಟ್ಟಿ ಸಡಿಲಿಸಿದರು. ಕೊನೆಗೊಮ್ಮೆ, ಏದುಸಿರು ಬಿಡುತ್ತ, ಬಟ್ಟಲ ಮೇಲೆ ಅಂಗೈ ಮುಚ್ಚಿದರು.

ಸಾಯ್ಕಾಲ್ ಅವರ ಕೈಯಡಿಯಿಂದ ಬಟ್ಟಲು ಎಳೆದುಕೊಂಡು ಬೋಗುಣಿಗೆ ಹಾಕಿ, ಚಿತ್ರವನ್ನು ಡಬ್ಬಿಗೆ ಹಾಕಿ, ತಾತನನ್ನು ಬಳಸಿಕೊಂಡು, ಯಾವುದನ್ನೂ ದಾಟದೆ ತುಳಿಯದೆ, ಉಯ್ಯಾಲೆಗೆ ಹೋದಳು.

ಎಸ್ತೆಬೆಸ್ ಟೋಪಿಯಿಂದ ಹಣೆ ಒರೆಸಿಕೊಂಡರು.

"ಇವಳಿಗೆ ಮಾತು ಬರಲ್ಲ ಅಂದವರು ಯಾರು?"

ಅವರು ನಮ್ಮೆಲ್ಲರ ಕಡೆ ತಿರುಗಿದರು.

"ಮನೇಲಿ ನನ್ನ ಮಕ್ಕಳು, ಸೊಸೇರು, ಎಲ್ಲರ ಹೊಟ್ಟೇಲೂ ಇದೆ, ಈ ಮುದುಕ ಎದ್ದು ಹೋಗ್ಲಿ ಅಂತ. ಯಾರಾದ್ರೂ ಒಂದ್ಸಲ ಬಟ್ಟಲು ತುಂಬ ಹಾಕಿದ್ರಾ? ಧೈರ್ಯ ಇದೆಯಾ ಯಾರಿಗಾದ್ರೂ? ನಾನು ಇವಳನ್ನ ದೂರ ಕಳಿಸ್ತೀನಿ ಅಂದೆ. ಇವಳು ನನ್ನನ್ನೇ ಮೊದಲು ಕಳಿಸಿದ್ಲು! ಎಷ್ಟು ನೂಕಿದ್ರೂ ಜಗ್ಗಲಿಲ್ಲ." ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಗಲು ಒಳಗೆ ಜಾಗವಿರಲಿಲ್ಲ. "ನನ್ನ ರಕ್ತ. ನನ್ನ ರಕ್ತವನ್ನ ಬೇಲಿಯೊಳಗೆ ಹಾಕಲಾ? ಸೊಸೆ, ಹುಡುಗಿ ಇಲ್ಲೇ ಇರ್ತಾಳೆ. ಈಗ ಯಾರಾದ್ರೂ ನನಗೆ ಬೇಗ ಶೌಚಾಲಯ ತೋರ್ಸಿ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡ್ರಿಲ್ ಮೇಷ್ಟ್ರು ಅವರನ್ನು ಕರೆದುಕೊಂಡು ಓಡಿದ.

ಉಪೆಲ್ ಕೂತಲ್ಲೇ ಅಳುತ್ತಿದ್ದಳು. ನುರ್ಜಾತ್ ಜೂರಾಕಾನಳ ಮಖಮಲ್ಲಿನ ತೋಳು ಹಿಡಿದು ಕಾರಿಡಾರಿಗೆ ಎಳೆದುಕೊಂಡು ಹೋದಳು. ನಾನೂ ಹಿಂದೆ ಹೋದೆ.

"ಏಜೆ, ಇವತ್ತು ನಡೆದದ್ದು ನಿಮ್ಮ ಬಟ್ಟಲಿಂದ. ಆ ಮಗು ಯಾರನ್ನೂ ಕಳಿಸಲಿಲ್ಲ. ಗೆರೆ ನೋಡಿದ್ಲು, ಸುರಿದ್ಲು. ಇದು ಆತಾ ಕಿವಿಗೆ ಬಿದ್ರೆ, ಬಟ್ಟಲಿನಂಚು ತನ್ನನ್ನ ಊರ ಮುಂದೆ ಮೂರ್ಖ ಮಾಡ್ತು ಅಂತ ತಿಳಿದ್ರೆ, ಅದೇ ದಿನ ಸಾಯ್ಕಾಲ್ ಬೆಟ್ಟದಾಚೆ. ನಿಮಗೆ ಅರ್ಥ ಆಯ್ತಾ?"

ಜೂರಾಕಾನ್ ಇನ್ನೂ ಬಾಯಿಂದ ಕೈ ತೆಗೆದಿರಲಿಲ್ಲ. ಹಾಗೆಯೇ ತಲೆಯಾಡಿಸಿದಳು.

ನಾನು ನಂಬಲಿಲ್ಲ. ಅವಳ ಬಾಳಿನಲ್ಲೇ ಇಂಥ ಕಥೆ ಇನ್ನೊಂದು ಸಿಗಲಾರದು: ಎಸ್ತೆಬೆಸ್‌ರಂಥವರನ್ನು ಅವಳ ಬೀರುವಿನ ಬಟ್ಟಲು ಸೋಲಿಸಿದ ಕಥೆ. ಶನಿವಾರ ದನದ ಸಂತೆ. ಅಷ್ಟರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ನುರ್ಜಾತಳಿಗೆ ಹೇಳಿದೆ. ಶನಿವಾರ ನಾನೇ ಸಂತೆಗೆ ಹೋಗಿ ಕಿವಿಗೊಟ್ಟೆ. ಜೂರಾಕಾನ್ ಕುರಿ ವ್ಯಾಪಾರಿಗಳ ನಡುವೆ ನಿಂತು, ಸಾಯ್ಕಾಲಳಿಗೆ ಚಹಾ ಕಲಿಸಿದವಳು ತಾನೇ ಎಂದು ಕೈಬೀಸಿ ಹೇಳುತ್ತಿದ್ದಳು. ಬಟ್ಟಲಿನ ಮಾತು ಬರಲಿಲ್ಲ. ಮುಂದಿನ ಸಂತೆಗೆ ಬರುತ್ತದೆ ಎಂದುಕೊಂಡೆ.

ಬೇಸಿಗೆ ಕಳೆಯಿತು. ಎಸ್ತೆಬೆಸ್ ಮೇಲಿನ ಹುಲ್ಲುಗಾವಲಿನಿಂದ ಕೆಳಗಿನ ಪೇಟೆಯ ತನಕ ತಮ್ಮ ಕಥೆ ಹೇಳಿದರು. ಪ್ರತಿ ಸಲವೂ ತಾವು ಕುಡಿದ ಬಟ್ಟಲುಗಳ ಲೆಕ್ಕ ಹೆಚ್ಚಿಸುತ್ತ ಹೋದರು. ಶರತ್ಕಾಲದಲ್ಲಿ ತಮ್ಮ ಎಂಬತ್ತು ತುಂಬಿದ ಸಂತೋಷಕೂಟಕ್ಕೆ, ಬಿಷ್ಕೆಕ್‌ನ ಹುಡುಗರು ಬೇಡವೆಂದು ಜೂರಾಕಾನಳನ್ನೇ ತಮಾದಾ ಆಗಲು ಕರೆಸಿದರು. ಮಖಮಲ್ಲಿನ ಕೋಟು ಮತ್ತೆ ಹೊರಬಂತು. ಅಂದು ಅವಳು ಇಡೀ ಕೂಟವನ್ನು ಕುಣಿಸಿದಳು. ಹೆಡ್‌ಮಾಸ್ಟರನ್ನೂ ಬಿಡಲಿಲ್ಲ.

ಊಟದ ಕೊನೆಗೆ ಎಸ್ತೆಬೆಸ್ ಮೈಕು ಹಿಡಿದು ಮತ್ತದೇ ಕಥೆ ಹೇಳಿದರು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಮೇಲೆ ಅವರು ಮೈಕು ಚಾಚಿದರು.

"ಜೂರಾಕಾನ್, ನೀನೂ ಅಲ್ಲೇ ಇದ್ದೆ. ನಾನು ಹೇಳಿದ್ರೆ ಬರೀ ಬಡಾಯಿ ಅಂತಾರೆ. ಹೇಳು, ಏನಾಯ್ತು ಅಂತ ನೀನೇ ಹೇಳು!"

ನಾನು ರೊಟ್ಟಿ ಕೆಳಗಿಟ್ಟೆ. ಪಕ್ಕದಲ್ಲಿ ನುರ್ಜಾತ್ ನನ್ನ ಮಣಿಕಟ್ಟು ಹಿಡಿದಳು. ಜೂರಾಕಾನ್ ಮೈಕು ತೆಗೆದುಕೊಂಡು ಎದ್ದು ನಿಂತು, ತುಂಬಿದ ಸಭೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯ ತನಕ ನೋಡಿದಳು. ಎದೆ ತುಂಬ ಉಸಿರೆಳೆದುಕೊಂಡಳು.

"ಆತಾ ಹೇಳಿದ ಹಾಗೇ ಆಯ್ತು," ಎಂದಳು. ಮೈಕು ವಾಪಸು ಕೊಟ್ಟು, ಕೂತು, ಒಂದು ಬೂರ್ಸೋಕನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡಳು.

ಮಾತಿನ ಮಧ್ಯೆ ಅವಳಿಗೆ ಹಸಿವಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ವಯಸ್ಸಾಯಿತು ಎಂದುಕೊಂಡೆ.

ಅಷ್ಟರಲ್ಲಿ ಚಹಾ ಬಂತು. ನಮ್ಮ ಸಾಲಿಗೆ ಸುರಿಯುತ್ತಿದ್ದವಳು ಸಾಯ್ಕಾಲ್. ಪಕ್ಕದಲ್ಲಿ ಉಪೆಲ್ ಮಾತಿಲ್ಲದೆ ಚಿತ್ರದ ಪಟ್ಟಿ ಹಿಡಿದು ಕೂತಿದ್ದಳು. ನನ್ನ ಕೈಗೆ ಬಂದದ್ದು ಅರ್ಧ ಬಟ್ಟಲು, ಮರ್ಯಾದೆಯ ಚಹಾ. ಒಳಗೊಂದು ನೀಲಿ ಗೆರೆ ಇತ್ತು. ನುರ್ಜಾತಳ ಗೆರೆ ಇಷ್ಟು ಸೊಟ್ಟಗಿರುವುದಿಲ್ಲ. ಇದು ಕುಡಿದವನ ದಾರಿಯಂತೆ ಏರಿ ಇಳಿದಿತ್ತು. ತುಟಿಗೆ ಅಂಚು ಒರಟಾಗಿ ತಾಗಿತು. ಬೆಳಕಿಗೆ ಹಿಡಿದು ನೋಡಿದೆ. ಅಂಚನ್ನು ಚಾಕುವಿನಿಂದ ಕೆರೆದಿದ್ದರು. ಕೆರೆದು ಉಳಿದ ಒಂದೆರಡು ಕಡೆ ಚಿನ್ನ ಇನ್ನೂ ಮಿನುಗುತ್ತಿತ್ತು.

ಎದುರಿಗೆ ಕೂತ ಬುಬುಶ್ ಬಾಯಿ ತುಂಬಿಕೊಂಡೇ ಕೂಗಿದಳು:

"ಅಲ್ಲ ಜೂರಾಕಾನ್, ಮೊನ್ನೆ ನಿಮ್ಮನೆಗೆ ಬಂದಿದ್ದೆ, ಬೀರು ಖಾಲಿ ಇತ್ತಲ್ಲೇ! ಚಿನ್ನದ ಬಟ್ಟಲೆಲ್ಲ ಏನು ಮಾಡ್ದೆ?"

ಜೂರಾಕಾನಳ ಕೈಯಲ್ಲೂ ಸೊಟ್ಟ ಗೆರೆಯ ಬಟ್ಟಲೇ ಇತ್ತು. ಅವಳು ಅದನ್ನು ಅಂಗೈಯಲ್ಲಿ ಇನ್ನಷ್ಟು ಮುಚ್ಚಿ ಹಿಡಿದುಕೊಂಡು ಒಂದು ಗುಟುಕು ಕುಡಿದಳು.

"ಬೆಕ್ಕು ಬೀಳಿಸ್ತು ಕಣೇ. ಎಲ್ಲ ಚೂರು ಚೂರು."

ಅವಳ ಮನೆಯಲ್ಲಿ ಬೆಕ್ಕಿಲ್ಲ.